ಸಹಿಯಾಗದ ಸನ್ಮಾನ ಪತ್ರ

ಕತಾರಿನಲ್ಲಿದ್ದ ವರ್ಷಗಳಲ್ಲಿ ನನಗೆ ಎರಡು ಹುದ್ದೆಗಳಿದ್ದವು. ಸಂಬಳ ಬರುತ್ತಿದ್ದದ್ದು ಒಂದು ಕಟ್ಟಡ ಕಂಪೆನಿಯ ಸಿಬ್ಬಂದಿ ವಿಭಾಗದ ಗುಮಾಸ್ತಿಕೆಯಿಂದ. ಗೌರವ ಬರುತ್ತಿದ್ದದ್ದು ನಮ್ಮ ಕರಾವಳಿಯವರ ಸಂಘಕ್ಕೆ ಸನ್ಮಾನ ಪತ್ರ ಬರೆಯುವುದರಿಂದ. ಈ ಎರಡನೆಯ ಹುದ್ದೆಗೆ ನನ್ನನ್ನು ಯಾರೂ ಆರಿಸಿರಲಿಲ್ಲ. ಒಮ್ಮೆ ಸಮಿತಿಯ ಸಭೆಯಲ್ಲಿ ‘ಸ್ಥಿತಪ್ರಜ್ಞ’ ಎಂಬ ಶಬ್ದವನ್ನು ತಪ್ಪಿಲ್ಲದೆ ಬರೆದು ಸಿಕ್ಕಿಬಿದ್ದೆ, ಅಷ್ಟೆ.

ಸಂಘದ ಕ್ರಮ ಹೀಗೆ. ಸದಸ್ಯರಲ್ಲಿ ಯಾರೇ ದೇಶ ಬಿಟ್ಟು ಹೊರಡಲಿ, ಅವರನ್ನು ವೇದಿಕೆಯ ಮೇಲೆ ದೊಡ್ಡ ಕುರ್ಚಿಯಲ್ಲಿ ಕೂರಿಸಿ, ಶಾಲು ಹೊದೆಸಿ, ಹಣ್ಣಿನ ಬುಟ್ಟಿ ಕೊಟ್ಟು, ಸನ್ಮಾನ ಪತ್ರವನ್ನು ಗಟ್ಟಿಯಾಗಿ ಓದಿ, ಕಟ್ಟು ಹಾಕಿಸಿ ಕೈಗಿಡಬೇಕು. ಹೊರಗೆ ಕಾರಿನ ಬಾಗಿಲು ಮುಟ್ಟಿದರೆ ಕೈ ಸುಡುವ ಹವೆ. ಶಾಲು ಮಾತ್ರ ಉಣ್ಣೆಯದ್ದೇ ಆಗಬೇಕು. ಪತ್ರದ ಕೆಳಗೆ ಸಮಿತಿಯ ಎಲ್ಲರ ಸಹಿ ಇರಬೇಕು. ಹತ್ತು ವರ್ಷ ಯಾರೊಡನೆಯೂ ನೆಟ್ಟಗೆ ಮಾತಾಡದ ಒಬ್ಬ ಅಕೌಂಟೆಂಟರನ್ನು ನಾನು ‘ಸದಾ ಹಸನ್ಮುಖಿ’ ಎಂದು ಬರೆದೆ. ಸಮಿತಿಯವರೆಲ್ಲ ಸಹಿ ಹಾಕಿದರು. ಓದುವಾಗ ಅವರ ಹೆಂಡತಿ ಒಬ್ಬರೇ ನಕ್ಕರು.

ಇದನ್ನೆಲ್ಲ ಹೇಳುವುದಕ್ಕೆ ಕಾರಣ ಒಬ್ಬ ಲೆಕ್ಕದ ಮಾಸ್ಟ್ರು.

ಅವರು ದೋಹಾದ ಐನ್ ಖಾಲಿದ್ ಬಡಾವಣೆಯಲ್ಲಿ ಒಂದು ವಿಲ್ಲಾದ ಹಿಂಭಾಗ ಬಾಡಿಗೆಗೆ ಹಿಡಿದು ನಮ್ಮವರ ಮಕ್ಕಳಿಗೆ ಟ್ಯೂಷನ್ ಕೊಡುತ್ತಿದ್ದರು. ಸಂಘದ ಕಾರ್ಯಕ್ರಮಗಳಲ್ಲಿ ನಿರೂಪಣೆಯೂ ಅವರದ್ದೇ. ಒಂದು ಸಂಜೆ ಏಳನೇ ಕ್ಲಾಸಿನ ಒಂದು ಹುಡುಗಿ ತನ್ನ ಮನೆಗೆ ಬಂದು, ಇನ್ನು ಟ್ಯೂಷನ್ನಿಗೆ ಹೋಗುವುದಿಲ್ಲ ಎಂದಳು. ಯಾಕೆ ಎಂದು ಕೇಳಿದ ತಾಯಿಗೆ ಯಾಕೆ ಎಂಬುದನ್ನೂ ಹೇಳಿದಳು. ಬೇರೆ ಮಕ್ಕಳನ್ನು ಕಳಿಸಿ, ಬಾಗಿಲು ಹಾಕಿ, ಅವರು ಅವಳ ಮೈ ಮುಟ್ಟಿದ್ದರು. ಅದು ಮೊದಲನೆಯ ಸಲವೂ ಅಲ್ಲ.

ತಂದೆ ಸಂಘದ ಅಧ್ಯಕ್ಷರ ಹತ್ತಿರ ಹೋದರು. ಅಧ್ಯಕ್ಷರು ಮಾಸ್ಟ್ರನ್ನು ಓಲ್ಡ್ ಏರ್‌ಪೋರ್ಟ್ ಬಡಾವಣೆಯ ತಮ್ಮ ಫ್ಲಾಟಿಗೆ ಕರೆಸಿದರು. ಸಮಿತಿಯ ನಾವೆಲ್ಲ ಇದ್ದೆವು. ಮಾಸ್ಟ್ರು ಮೊದಲು ಇಲ್ಲ ಅಂದರು, ಆಮೇಲೆ ಅತ್ತರು, ಆಮೇಲೆ ಹುಡುಗಿಯ ತಂದೆಯ ಕಾಲು ಹಿಡಿದು ‘ತಪ್ಪಾಯ್ತು’ ಅಂದರು. ನನ್ನ ಕಿವಿಯಲ್ಲೇ ಕೇಳಿದ್ದೇನೆ.

ಪೊಲೀಸಿಗೆ ಹೋಗೋಣ, ನಾನು ಜೊತೆಗೆ ಬರುತ್ತೇನೆ ಅಂದೆ. ತಂದೆ ಬೇಡ ಅಂದರು. ಹುಡುಗಿ ಗೊತ್ತಿಲ್ಲದ ಭಾಷೆಯವರ ಮುಂದೆ ಇದನ್ನು ಮತ್ತೆ ಮತ್ತೆ ಹೇಳಬೇಕಾದೀತು ಎಂಬುದೇ ಅವರ ಚಿಂತೆ. ಅದು ಅವರ ತೀರ್ಮಾನ, ಅದರ ಮೇಲೆ ನನ್ನ ಭಾಷಣ ಇಲ್ಲ. ಅಧ್ಯಕ್ಷರಿಗೆ ಮಾತ್ರ ಉಸಿರು ಬಂತು. “ಖಲಾಸ್! ಮಾಸ್ಟ್ರು ಟ್ಯೂಷನ್ ನಿಲ್ಲಿಸಿ ದೇಶ ಬಿಡ್ತಾರೆ. ನಾವು ಯಾರೂ ಬಾಯಿ ಬಿಡುವುದಿಲ್ಲ. ಎಲ್ಲ ಚೊಕ್ಕ ಆಯ್ತು,” ಅಂದರು. ಚೊಕ್ಕ ಎಂಬ ಶಬ್ದ ನನಗೆ ಅಂದಿನಿಂದ ಹಿಡಿಸುವುದಿಲ್ಲ.

ಮರುದಿನ ಊಟದ ಹೊತ್ತಿಗೆ ಆಫೀಸಿನಲ್ಲಿ ನನ್ನ ಮೇಲಧಿಕಾರಿಯನ್ನು ಕೇಳಿದೆ, ನಿಮ್ಮಲ್ಲಿ ಇಂಥವರನ್ನು ಏನು ಮಾಡುತ್ತಾರೆ ಅಂತ. ಆಕೆ ವಯಸ್ಸಾದ ಅಮೆರಿಕನ್ ಹೆಂಗಸು. ಗಂಡನ ಕೆಲಸದ ಹಿಂದೆ ದೋಹಾಕ್ಕೆ ಬರುವ ಮೊದಲು ತಮ್ಮ ಊರಿನ ಕೌಂಟಿ ಕಚೇರಿಯ ಕೌಂಟರಿನಲ್ಲಿ ಕೂತವರು. ಕೌಂಟಿ ಅಂದರೆ ನಮ್ಮ ತಾಲೂಕನ್ನು ಸ್ವಲ್ಪ ಹಿಗ್ಗಿಸಿದ ಹಾಗೆ. ಆಕೆ ಸ್ಯಾಂಡ್‌ವಿಚ್ ಬದಿಗಿಟ್ಟು ಕಂಪ್ಯೂಟರಿನಲ್ಲಿ ಏನೋ ಒತ್ತಿದರು. ಆಗಿನ ಇಂಟರ್ನೆಟ್ಟು, ಒಂದು ಮುಖ ಪೂರ್ತಿ ಕಾಣಿಸಿಕೊಳ್ಳಬೇಕಾದರೆ ಮೊದಲು ಹಣೆ, ಆಮೇಲೆ ಮೂಗು, ಆಮೇಲೆ ಗಲ್ಲ.

“ಇವನು ನಮ್ಮ ರಸ್ತೆಯವನು,” ಅಂದರು.

ಮುಖದ ಪಕ್ಕದಲ್ಲಿ ಹೆಸರು, ರಸ್ತೆ, ಯಾವ ಅಪರಾಧ, ಎಲ್ಲ ಇತ್ತು. ಅದು ಸರಕಾರದ ಪಟ್ಟಿ. ಕೋರ್ಟಿನಲ್ಲಿ ಇಂಥ ಅಪರಾಧ ಸಾಬೀತಾದವನು ಶೆರಿಫ್ ಎಂಬ ಪೊಲೀಸ್ ಅಧಿಕಾರಿಯ ಕಚೇರಿಗೆ ಖುದ್ದು ಹೋಗಿ ತನ್ನ ವಿಳಾಸ, ಕೆಲಸದ ಜಾಗ ಬರೆಸಿ ಫೋಟೋ ತೆಗೆಸಬೇಕಂತೆ. ಮನೆ ಬದಲಿಸಿದರೆ ಕೆಲವೇ ದಿನಗಳಲ್ಲಿ ಮತ್ತೆ ಹೋಗಿ ಹೇಳಬೇಕು. ಬೇರೆ ಕೌಂಟಿಗೆ ಹೋಗುವುದಾದರೆ ಬಿಟ್ಟ ಕಡೆಯೂ ಹೇಳಬೇಕು, ಸೇರಿದ ಕಡೆಯೂ ಹೇಳಬೇಕು. ಹೇಳದಿದ್ದರೆ ಅದೇ ಇನ್ನೊಂದು ಅಪರಾಧ. ಎಲ್ಲರ ಮುಖವನ್ನೂ ಹೀಗೆ ಊರಿಗೆ ತೋರಿಸುವುದಿಲ್ಲ. ಅಪಾಯ ಕಡಿಮೆ ಎಂದು ಕಂಡವರ ವಿವರ ಪೊಲೀಸರ ಹತ್ತಿರ ಮಾತ್ರ ಇರುತ್ತದೆ. ಆದರೆ ಕೋರ್ಟಿನ ಫೈಲನ್ನು ಯಾರು ಬೇಕಾದರೂ ಕೌಂಟರಿಗೆ ಬಂದು ಕೇಳಬಹುದು. ಪ್ರತಿ ಬೇಕಾದರೆ ಫೀಸು.

“ಯಾಕೆ ಬೇಕು ಅಂತ ನೀವು ಕೇಳುವುದಿಲ್ಲವಾ?” ಅಂದೆ.

“ಕೇಳುವ ಅಧಿಕಾರ ನನಗಿಲ್ಲ.”

“ಮಗುವಿನ ಹೆಸರು?”

“ಅದು ಮುಚ್ಚಿಟ್ಟದ್ದು. ಹೆಸರಿನ ಮೊದಲ ಅಕ್ಷರಗಳು ಮಾತ್ರ ಇರುತ್ತವೆ. ಗವರ್ನರ್ ಬಂದು ಕೌಂಟರಿನಲ್ಲಿ ನಿಂತರೂ ನಾನು ಹೇಳುವುದಿಲ್ಲ.”

ನಮ್ಮಲ್ಲಿ ಪೂರ್ತಿ ತಿರುಗುಮುರುಗು. ಆ ಹೊತ್ತಿಗಾಗಲೇ ಹುಡುಗಿ ಯಾರ ಮಗಳು, ಯಾವ ಶಾಲೆ, ಯಾವ ಬಸ್ಸು ಎಂಬುದೆಲ್ಲ ಅಬು ಹಮೂರಿನ ಚರ್ಚಿನ ಅಂಗಳದಿಂದ ಹಿಡಿದು ನಮ್ಮ ಬ್ಯಾರಿಗಳ ದಿನಸಿ ಅಂಗಡಿಯವರೆಗೆ ಗೊತ್ತಾಗಿತ್ತು. ಗಂಡಸಿನ ಸುದ್ದಿ ಬಂದಾಗ ಮಾತ್ರ ಎಲ್ಲರೂ ‘ಯಾರೋ ಒಬ್ರಂತೆ’ ಅನ್ನುತ್ತಿದ್ದರು.

ಆಕೆ ನನ್ನ ಮುಖ ನೋಡಿ ಎಚ್ಚರಿಕೆಯನ್ನೂ ಹೇಳಿದರು. “ಇದು ಗಾಳಿಸುದ್ದಿಯ ಪಟ್ಟಿ ಅಲ್ಲ. ಕೋರ್ಟು ತೀರ್ಪು ಕೊಡದ ಒಬ್ಬನೂ ಇದರಲ್ಲಿಲ್ಲ. ಇದನ್ನು ನೋಡಿ ಯಾರ ಮನೆಗಾದರೂ ಕಲ್ಲು ಹೊಡೆದರೆ ಕೇಸು ನಿನ್ನ ಮೇಲೆ. ತಪ್ಪುಗಳೂ ಇರುತ್ತವೆ. ಇಂಥವನು ಮನೆ ಬಿಟ್ಟು ಹೋದ ಮೇಲೂ ಕೆಲವು ಸಲ ಪಟ್ಟಿಯಲ್ಲಿ ಅದೇ ಮನೆಯ ವಿಳಾಸ ಇರುತ್ತೆ, ಹೊಸದಾಗಿ ಬಂದವರು ಕೌಂಟರಿಗೆ ಬಂದು ಬೈತಾರೆ. ಆದರೆ ಬೈಯುವುದಕ್ಕೆ ಒಬ್ಬರು ಇರುತ್ತಾರಲ್ಲ! ಪ್ರತಿ ಹಾಳೆಯ ಕೆಳಗೆ ಅದನ್ನು ಬರೆದುಕೊಂಡವರ ಸಹಿ ಇರುತ್ತೆ. ನಾನೂ ಎಷ್ಟೋ ಹಾಕಿದ್ದೇನೆ.” ಹೀಗೆ ಹೇಳಿ ಸ್ಯಾಂಡ್‌ವಿಚ್ ಎತ್ತಿಕೊಂಡರು.

ಆ ವಾರದ ಕೊನೆಗೆ ಅಧ್ಯಕ್ಷರ ಫೋನು ಬಂತು.

“ಕವಿಗಳೇ, ಮಾಸ್ಟ್ರಿಗೆ ಪಕ್ಕದ ದೇಶದಲ್ಲಿ ಒಂದು ಶಾಲೆಯಲ್ಲೇ ಕೆಲಸ ಆಯ್ತಂತೆ. ಬರುವ ಶುಕ್ರವಾರ ಬೀಳ್ಕೊಡುಗೆ ಇಟ್ಟಿದ್ದೇವೆ. ಒಂದು ಒಳ್ಳೆಯ ಸನ್ಮಾನ ಪತ್ರ ಬೇಕು.”

“ಯಾರಿಗೆ?” ಅಂದೆ.

“ಹಾಗೆಲ್ಲ ಕೇಳ್ಬೇಡಿ ಮಾರಾಯ್ರೇ. ಎಲ್ರಿಗೂ ಮಾಡಿ ಇವರೊಬ್ಬರಿಗೆ ಮಾಡ್ಲಿಲ್ಲ ಅಂದ್ರೆ ಜನ ಯಾಕೆ ಅಂತ ಕೇಳುದಿಲ್ವಾ? ಆಮೇಲೆ ಆ ಹುಡುಗಿಯ ಮರ್ಯಾದೆಯೇ ಹೋಗುದು. ನಾವು ಮಾಡುದು ಅವಳಿಗೋಸ್ಕರವೇ.”

ಇಂಥ ತರ್ಕವನ್ನು ನಾನು ಹಿಂದೆ ಕೇಳಿರಲಿಲ್ಲ. ಬಾಯಿ ಮುಚ್ಚಿದ್ದು ಸಾಲದು, ಮುಚ್ಚಿದ ಬಾಯಿಯಿಂದಲೇ ಜಯಘೋಷವೂ ಹೊರಡಬೇಕು. ಮಾಸ್ಟ್ರಿಗೆ ಪೊಲೀಸರ ನಡತೆ ಸರ್ಟಿಫಿಕೇಟ್ ಹೇಗೂ ಸಿಗುತ್ತದೆ. ದೂರೇ ಇಲ್ಲದಾಗ ಅವರಾದರೂ ಏನು ಬರೆದಾರು? ಅದರ ಜೊತೆಗೆ ನಮ್ಮ ಕಟ್ಟು ಹಾಕಿದ ಪತ್ರ. ನಮ್ಮಲ್ಲಿ ಶೆರಿಫ್ ಇಲ್ಲ, ಕೌಂಟರ್ ಇಲ್ಲ. ಒಬ್ಬ ಮನುಷ್ಯನ ಬಗ್ಗೆ ನಮ್ಮ ಸಮಾಜ ಸಾರ್ವಜನಿಕವಾಗಿ ದಾಖಲಿಸುವ ಏಕೈಕ ಕಾಗದ ಈ ಸನ್ಮಾನ ಪತ್ರ. ಅದನ್ನು ಬರೆಯುವವನು ನಾನು! ಆ ಮಟ್ಟಿಗೆ ಕತಾರಿನ ಕರಾವಳಿ ಕೌಂಟಿಯ ಗುಮಾಸ್ತ ನಾನೇ ಎಂದು ಅಂದೇ ನನಗೆ ಹೊಳೆದದ್ದು.

ಸಂಜೆ ಹುಡುಗಿಯ ತಾಯಿ ಮನೆಗೆ ಬಂದರು. ಒಂದು ಕ್ಲಿನಿಕ್ಕಿನಲ್ಲಿ ನರ್ಸ್. ಸಮವಸ್ತ್ರದಲ್ಲೇ ಬಂದಿದ್ದರು. ನನ್ನ ಹೆಂಡತಿ ಕೊಟ್ಟ ಚಾ ಮುಟ್ಟಲಿಲ್ಲ.

“ಅಣ್ಣ, ಶಾಲು ಹಾಕ್ತಾರಂತೆ, ಹೌದಾ?”

“ಹೌದಂತೆ.”

“ಬರೆಯುದು ನೀವಾ?”

“ಬರೆಯಬೇಕಂತೆ.”

“ಇವರು ಕೇಸು ಬೇಡ ಅಂದ್ರು. ನಾನೂ ಸುಮ್ಮನಾದೆ. ಆದ್ರೆ ನನ್ನ ಮಗಳು ನಿನ್ನೆ ಎಂತ ಕೇಳಿದ್ಲು ಗೊತ್ತುಂಟಾ? ‘ಮಮ್ಮಿ, ಅವರಿಗೆ ಪ್ರೈಜ್ ಕೊಡ್ತಾರಾ? ಹಾಗಾದ್ರೆ ನಾನು ಹೇಳಿದ್ದು ಸುಳ್ಳು ಅಂತ ಆಯ್ತಾ?’ ಅಂತ. ನಾನು ಅವಳಿಗೆ ಎಂತ ಹೇಳುದು? ನೀವು ಬರೆಯುವವರಲ್ವಾ, ನೀವೇ ಹೇಳಿ.”

ನನ್ನ ಹತ್ತಿರ ಸನ್ಮಾನ ಪತ್ರ ಒಂದೇ ಇತ್ತು.

ಅದನ್ನು ನಾನು ಬರೆದೆ. ನನ್ನ ಜೀವಮಾನದ ಉತ್ಕೃಷ್ಟ ಸನ್ಮಾನ ಪತ್ರ ಅದು, ಸಂಕೋಚವಿಲ್ಲದೆ ಹೇಳುತ್ತೇನೆ. ‘ಮಾನ್ಯರೇ, ತಾವು ಈ ಮರಳುನಾಡಿಗೆ ಆಗಮಿಸಿ ಗಣಿತಶಾಸ್ತ್ರದ ಕಠಿಣ ಸೂತ್ರಗಳನ್ನು ಎಳೆಯ ಮನಸ್ಸುಗಳಿಗೆ ಬೋಧಿಸಿದಿರಿ’ ಎಂದು ಶುರುವಾಗಿ, ನಿರೂಪಣೆಯ ಕಂಠಸಿರಿಯನ್ನು ಹೊಗಳಿ, ಹೀಗೆ ಮುಗಿಯುತ್ತಿತ್ತು: ‘ನಮ್ಮ ನಮ್ಮ ಹೆಣ್ಣುಮಕ್ಕಳನ್ನು ಇನ್ನು ಮುಂದೆಯೂ ತಮ್ಮ ಮನೆಗೆ ಒಂಟಿಯಾಗಿ ಪಾಠಕ್ಕೆ ಕಳುಹಿಸಲು ನಮಗೆ ಯಾವ ಅಳುಕೂ ಇಲ್ಲವೆಂದು, ಇದರ ಕೆಳಗೆ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಸಹಿತ ರುಜು ಹಾಕಿರುವ ನಾವು ಮನಃಪೂರ್ವಕ ದೃಢೀಕರಿಸುತ್ತೇವೆ.’

ಶುಕ್ರವಾರ ಬೆಳಿಗ್ಗೆ ಅಧ್ಯಕ್ಷರ ಫ್ಲಾಟಿನಲ್ಲಿ ಸಹಿಯ ಶಾಸ್ತ್ರ. ಸಮಿತಿಯ ಎಲ್ಲರೂ ಇಡ್ಲಿ ತಿಂದು ಕೈ ಒರೆಸಿಕೊಂಡು ಕೂತಿದ್ದರು. ಶಾಲು ಪ್ಲಾಸ್ಟಿಕ್ ಚೀಲದಲ್ಲಿ ತಯಾರು. ನಾನು ಎದ್ದು ನಿಂತು, ವೇದಿಕೆಯ ಧ್ವನಿಯಲ್ಲೇ ಓದಿದೆ. ಎಲ್ಲರೂ ತಲೆದೂಗುತ್ತಿದ್ದರು. ಕೊನೆಯ ಸಾಲಿಗೆ ಬಂದಾಗ ತಲೆಗಳು ಹಾಗೆಯೇ ನಿಂತವು.

“ಕವಿಗಳೇ, ಈ ಲಾಸ್ಟ್ ಸೆಂಟೆನ್ಸ್ ಯಾಕೆ?” ಅಧ್ಯಕ್ಷರು ಕೇಳಿದರು.

“ಅವರು ಹೋಗುವುದು ಶಾಲೆಗೆ. ಅಲ್ಲಿಯವರಿಗೆ ಬೇಕಾದದ್ದು ಅದೊಂದೇ ವಿಷಯ. ಕಂಠಸಿರಿ ಅಲ್ಲ.”

“ತೆಗೀರಿ ಅದನ್ನು.”

“ತೆಗೆಯುವುದಿಲ್ಲ.”

“ನೀವು ಎಂತ ನಮ್ಮನ್ನು ಹೆದರಿಸುದಾ?”

“ನಾನು ನಿಮ್ಮನ್ನು ಹೊಗಳಿದ್ದು. ಅಳುಕಿಲ್ಲದವರು ಅಂತ ಬರೆದಿದ್ದೇನೆ. ಮೊದಲ ಸಹಿ ಅಧ್ಯಕ್ಷರದ್ದು,” ಎಂದು ಪೆನ್ನಿನ ಮುಚ್ಚಳ ತೆಗೆದು ಮುಂದೆ ಹಿಡಿದೆ.

ಅಧ್ಯಕ್ಷರಿಗೆ ಇಬ್ಬರು ಹೆಣ್ಣುಮಕ್ಕಳು. ಅವರು ಪೆನ್ನನ್ನು ಕಾರ್ಯದರ್ಶಿಗೆ ತೋರಿಸಿದರು. ಕಾರ್ಯದರ್ಶಿ ಕನ್ನಡಕ ಕಾರಿನಲ್ಲಿದೆ ಅಂದರು. ಖಜಾಂಚಿಗಳು ಜುಮ್ಮಾ ನಮಾಜಿಗೆ ಹೊತ್ತಾಯಿತೆಂದು ಎದ್ದರು. ಹೊತ್ತಾಗಿಯೇ ಇತ್ತು, ಆದರೆ ಅಷ್ಟು ಅವಸರದಿಂದ ಹೊರಟದ್ದನ್ನು ನಾನು ಯಾವ ಶುಕ್ರವಾರವೂ ನೋಡಿರಲಿಲ್ಲ. ಬಾಗಿಲ ಹತ್ತಿರ ನಿಂತು ಮಾತ್ರ ಹಿಂತಿರುಗಿ, “ನನ್ನ ಮಗಳೂ ಅಲ್ಲಿಗೆ ಹೋಗ್ತಿದ್ಳು. ನಾನು ಸೈನ್ ಹಾಕುದಿಲ್ಲ. ಹಾಕಿದವರ ಜೊತೆ ಮಾತೂ ಆಡುದಿಲ್ಲ. ಯಲ್ಲಾ, ನಾನು ಹೊರಟೆ,” ಅಂದು ಚಪ್ಪಲಿ ಮೆಟ್ಟಿದರು.

ಅಧ್ಯಕ್ಷರು ನನ್ನ ಕಡೆ ಬೆರಳು ತೋರಿಸಿದರು. “ಇನ್ನು ಮುಂದೆ ನಿಮಗೆ ಬರೆಯುವ ಕೆಲಸ ಇಲ್ಲ.”

“ಸಂತೋಷ,” ಅಂದೆ. “ನನ್ನ ಬೀಳ್ಕೊಡುಗೆಗೂ ಶಾಲು ಬೇಡ. ನನಗೆ ಉಣ್ಣೆ ಆಗುವುದಿಲ್ಲ.”

ಆ ಸಂಜೆಯ ಕಾರ್ಯಕ್ರಮ ‘ಅನಿವಾರ್ಯ ಕಾರಣಗಳಿಂದ’ ರದ್ದಾಯಿತೆಂದು ಎಲ್ಲರ ಮೊಬೈಲಿಗೂ ಮೆಸೇಜು ಹೋಯಿತು. ಜನ ಯಾಕೆ ಎಂದು ಕೇಳಿದರು. ಒಬ್ಬ ಹುಡುಗಿಯ ಮರ್ಯಾದೆಯೂ ಹೋಗಲಿಲ್ಲ. ಮಾಸ್ಟ್ರು ಶಾಲಿಲ್ಲದೆ ವಿಮಾನ ಹತ್ತಿದರು. ಹುಡುಗಿಯ ತಾಯಿಗೆ ನಡೆದದ್ದನ್ನೆಲ್ಲ ಫೋನಿನಲ್ಲಿ ಹೇಳಿದಾಗ ಅವರು, “ಪ್ರೈಜ್ ಇಲ್ಲ ಅಂತ ಅವಳಿಗೆ ಹೇಳ್ತೇನೆ,” ಅಂದರು. ಆಮೇಲೆ, “ಯಾರಾದ್ರೂ ಕೇಳಿದ್ರೆ ಇದ್ದದ್ದು ಹೇಳಿ ಅಣ್ಣ. ಇವಳ ಹೆಸರು ಮಾತ್ರ ಬೇಡ.”

ಕೇಳುವವರು ಬೇಗನೇ ಬಂದರು. ಸಂಘದ ಲೆಟರ್‌ಹೆಡ್ಡಿನಲ್ಲಿದ್ದದ್ದು ನನ್ನ ಆಫೀಸಿನ ನಂಬರು, ಸಮಿತಿಯ ಬೇರೆ ಯಾರ ಮೇಜಿನ ಮೇಲೂ ನೇರ ಲೈನ್ ಇಲ್ಲದ ಕಾರಣ. ಆ ಪಕ್ಕದ ದೇಶದ ಶಾಲೆಯ ಮ್ಯಾನೇಜರ್ ಒಬ್ಬರು ಹಿಂದಿಯಲ್ಲಿ ಮಾತಾಡಿದರು. ಮಾಸ್ಟ್ರು ನಮ್ಮ ಸಂಘದ ಹೆಸರು ಕೊಟ್ಟಿದ್ದಾರಂತೆ. ಏನಾದರೂ ಹೇಳುವುದಿದೆಯೇ, ಅಂದರು.

ಇದೆ ಅಂದೆ. ಕೋರ್ಟಿನಲ್ಲಿ ಸಾಬೀತಾದದ್ದಲ್ಲ, ದೂರೂ ಆಗಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ನಾನು ಕೂತಿದ್ದ ಕೋಣೆಯಲ್ಲಿ, ನನ್ನೆದುರೇ ಅವರು ಒಪ್ಪಿಕೊಂಡದ್ದು ಇದು, ಎಂದು ಕೇಳಿದಷ್ಟನ್ನು, ಕೇಳಿದ ಹಾಗೆಯೇ ಹೇಳಿದೆ. ಹೆಚ್ಚು ಒಂದು ವಿಶೇಷಣವನ್ನೂ ಸೇರಿಸಲಿಲ್ಲ. ಸನ್ಮಾನ ಪತ್ರ ಬರೆದ ಕೈಗೆ ಅದು ಸುಲಭದ್ದಲ್ಲ.

ಆಚೆ ಕಡೆ ಪೆನ್ನಿನ ಸದ್ದು ಕೇಳಿಸುತ್ತಿತ್ತು. “ಇದನ್ನು ಹೇಳಿದವರು ಯಾರು ಅಂತ ಬರೆದುಕೊಳ್ಳಬಹುದಾ? ನಾಳೆ ನೀವು ಇಲ್ಲ ಅನ್ನಬಾರದು.”

“ಬರೆದುಕೊಳ್ಳಿ,” ಅಂದೆ. ಇನಿಷಿಯಲ್ ಸಮೇತ, ಅಪ್ಪನ ಹೆಸರು ಸಮೇತ, ಕಂಪೆನಿಯ ಪಿಒ ಬಾಕ್ಸ್ ಸಮೇತ ಬರೆಸಿದೆ. ಎರಡು ಸಲ ಓದಿಸಿದೆ. ಎದುರಿನ ಮೇಜಿನಲ್ಲಿ ನನ್ನ ಮೇಲಧಿಕಾರಿ ಭಾಷೆ ಅರ್ಥವಾಗದಿದ್ದರೂ ತಲೆ ಎತ್ತಿ ನೋಡುತ್ತಿದ್ದರು.

“ಮತ್ತೆ ಆ ಹುಡುಗಿ? ಯಾರ ಮಗಳು, ಹೆಸರು ಏನು?”

“ಅದು ಮುಚ್ಚಿಟ್ಟದ್ದು ಸಾರ್,” ಅಂದೆ. “ನೀವು ಖುದ್ದು ಬಂದು ಕೌಂಟರಿನಲ್ಲಿ ನಿಂತರೂ ಹೇಳುವುದಿಲ್ಲ.”