ಸೀದಾ ಎರಡು, ಉಲ್ಟಾ ಎರಡು

ನನಗೆ ಸ್ವೆಟರ್ ಹೆಣೆಯಲು ಬರುತ್ತದೆ. ಈ ಮಾತನ್ನು ಹೀಗೆ ನೇರವಾಗಿ ಹೇಳಲು ಇಷ್ಟು ವರ್ಷ ಬೇಕಾಯಿತು. ಗಂಡಸು ಅಡುಗೆ ಬರುತ್ತದೆ ಎಂದರೆ ಜನ ಮೆಚ್ಚುತ್ತಾರೆ, ಈಜು ಬರುತ್ತದೆ ಎಂದರೆ ಹೌದೇ ಎನ್ನುತ್ತಾರೆ. ಉಣ್ಣೆ ಹೆಣೆಯಲು ಬರುತ್ತದೆ ಎಂದರೆ ಮಾತ್ರ ಒಮ್ಮೆ ಮುಖ ನೋಡಿ, ಆಮೇಲೆ ಮೆಲ್ಲಗೆ ಮನೆಯವರ ಆರೋಗ್ಯ ವಿಚಾರಿಸುತ್ತಾರೆ. ಅದೂ ಚಳ್ಳಕೆರೆಯಲ್ಲಿ! ಹೆಸರು ಕೇಳಿದವರಿಗೆ ಚಳಿಯ ಊರೆನ್ನಿಸಬಹುದು. ನಮ್ಮಲ್ಲಿ ಚಳಿಗಾಲವೆಂದರೆ ಸಂಕ್ರಾಂತಿಯ ಆಚೀಚೆ, ಶೇಂಗಾ ಮಿಲ್ಲುಗಳ ಎಣ್ಣೆಯ ವಾಸನೆ ಹೊತ್ತು ಮುಂಜಾನೆ ಸುಳಿದು ಹೋಗುವ ಒಂದಿಷ್ಟು ಗಾಳಿ, ಅಷ್ಟೇ. ಅಂಥ ಊರಿನಲ್ಲಿ ಹೈಸ್ಕೂಲಿನ ಕನ್ನಡ ಮೇಷ್ಟ್ರೊಬ್ಬ ಸ್ವೆಟರ್ ಹೆಣೆಯಲು ಕಲಿತದ್ದಕ್ಕೆ ಕಾರಣ ಒಂದು ಕುಕ್ಕರು.

ತೊಂಬತ್ತರ ದಶಕದ ಕೊನೆಯ ಮಾತು. ಅಟ್ಟದ ಮೇಲಿದ್ದ ಹಳೇ ಕುಕ್ಕರನ್ನು ಇಳಿಸಿಕೊಡಿ ಎಂದು ನನ್ನ ಹೆಂಡತಿ ವಿಮಲಾ ಹೇಳಿದಳು. ಏಣಿ ತರಲು ಸೋಮಾರಿತನವಾಗಿ ನಾನು ಕುರ್ಚಿಯ ಮೇಲೆ ಸ್ಟೂಲಿಟ್ಟು ಹತ್ತಿದೆ. ಕುಕ್ಕರೂ ನಾನೂ ಒಟ್ಟಿಗೇ ಕೆಳಗೆ ಬಂದೆವು. ಕುಕ್ಕರಿಗೆ ಏನೂ ಆಗಲಿಲ್ಲ. ನನ್ನ ಬಲಗಾಲು ತೊಡೆಯವರೆಗೆ ಪ್ಲಾಸ್ಟರಿನೊಳಗೆ ಹೋಯಿತು. ವಿಮಲಾ ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕಿದ್ದಳು. ಬೆಳಗ್ಗೆ ನನ್ನನ್ನು ಜಗಲಿಯ ಕುರ್ಚಿಯಲ್ಲಿ ಕೂರಿಸಿ, ಕಾಲನ್ನು ಅದೇ ಸ್ಟೂಲಿನ ಮೇಲೆ ಎತ್ತಿಟ್ಟು, ಪಕ್ಕದಲ್ಲಿ ನೀರು, ಪೇಪರು ಇಟ್ಟು ಹೋದರೆ ಬರುತ್ತಿದ್ದುದು ಸಂಜೆಗೇ. ಪೇಪರನ್ನು ಟೆಂಡರು ಪ್ರಕಟಣೆಗಳ ಸಮೇತ ಓದಿದರೂ ಹನ್ನೊಂದು ಗಂಟೆ ದಾಟುತ್ತಿರಲಿಲ್ಲ.

ನಮ್ಮ ಜಗಲಿಗೂ ಪಕ್ಕದ ಮನೆಯ ಜಗಲಿಗೂ ನಡುವೆ ಮೊಣಕಾಲೆತ್ತರದ ಗೋಡೆ. ಆ ಕಡೆ ಲಾರಿ ಮೆಕ್ಯಾನಿಕ್ ಗೌಸ್ ಸಾಬರು, ಅವರ ಹೆಂಡತಿ ನೂರ್‌ಜಾನ್. ಬೀದಿಗೆಲ್ಲ ಆಕೆ ಆಪಾ, ಅಂದರೆ ಅಕ್ಕ. ನಮ್ಮ ಬೀದಿಯಲ್ಲಿ ಹುಟ್ಟಿದ ಮಕ್ಕಳಲ್ಲಿ ಆಪಾ ಹೆಣೆದ ಟೋಪಿ ಹಾಕದವರು ಕಡಿಮೆ. ನಾನು ಬಿದ್ದ ವಾರದಲ್ಲೇ ಆಕೆಗೆ ಚಿತ್ರದುರ್ಗದಲ್ಲಿ ಕಣ್ಣಿನ ಪೊರೆ ತೆಗೆದಿದ್ದರು. ಬಲಗಣ್ಣಿಗೆ ಆಪರೇಷನ್, ಎಡಗಣ್ಣಿನಲ್ಲಿ ಮೊದಲೇ ದೃಷ್ಟಿ ಮಂಕು. ಪಟ್ಟಿ ಬಿಚ್ಚಿದ ಮೇಲೂ ಕಪ್ಪು ಕನ್ನಡಕ ಹಾಕಿಕೊಂಡು ಆಕೆಯೂ ಜಗಲಿಯ ಮೇಲೆ ಕೂತಿರಬೇಕು. ಬಗ್ಗಬಾರದು, ಭಾರ ಎತ್ತಬಾರದು, ಅಳಬಾರದು, ಸೂಜಿ ದಾರದ ತಂಟೆಗೆ ಹೋಗಲೇಬಾರದು. ಗಾಯ ಮಾಯ್ದ ಮೇಲೆ ದಪ್ಪ ಕನ್ನಡಕ ಕೊಡುತ್ತೇವೆ, ಆಗ ಕಾಣುತ್ತದೆ ಎಂದಿದ್ದರು ಡಾಕ್ಟರು.

ಎರಡು ದಿನ ಇಬ್ಬರೂ ಬೀದಿಯನ್ನು ನೋಡುತ್ತ ಕೂತೆವು. ಸರಿಯಾಗಿ ಹೇಳಬೇಕೆಂದರೆ ನಾನು ನೋಡುತ್ತ ಕೂತೆ, ಆಕೆ ಕೇಳುತ್ತ ಕೂತರು. ಮೂರನೆಯ ದಿನ ಆಪಾ ಗೋಡೆಯ ಹತ್ತಿರ ಸರಿದು ಒಂದು ಬಟ್ಟೆಯ ಚೀಲವನ್ನು ಈಚೆ ಇಟ್ಟರು. ಒಳಗೆ ಬಿಳಿ ಉಣ್ಣೆಯ ಉಂಡೆಗಳು, ಎರಡು ಕಡ್ಡಿ, ಕಡ್ಡಿಯ ಮೇಲೆ ಬೆರಳಗಲ ಹೆಣೆದು ನಿಂತ ಏನೋ ಒಂದು.

"ಮೇಷ್ಟ್ರೇ, ಶಬಾನಾಗೆ ದಿನ ತುಂಬೈತೆ," ಎಂದರು. ಶಬಾನಾ ಅವರ ಒಬ್ಬಳೇ ಮಗಳು, ಮೊಳಕಾಲ್ಮೂರಿಗೆ ಕೊಟ್ಟಿದ್ದರು. "ಮೊದಲ ಹೆರಿಗೆ ತವರಲ್ಲಿ ಆಗ್ಬೇಕಿತ್ತು. ಈ ಕಣ್ಣು ಇಟ್ಕೊಂಡು ನಾನೇನು ಬಾಣಂತನ ಮಾಡ್ಲಿ? ಅತ್ತೆ ಮನೇಲೇ ಇರು ಅಂದೆ. ಚಿಲ್ಲಾ ಮುಗಿಸಿ, ನಲವತ್ತು ದಿನ ಆದ್ಮೇಲೆ, ಮಗೂನ ಕರ್ಕೊಂಡು ಬರ್ತಾಳೆ. ಅಷ್ಟರಾಗೆ ಒಂದು ಸ್ವೆಟರ್ ಆದ್ರೂ ನನ್ನ ಮನೇದು ಇರ್ಬೇಕಲ್ರೀ."

"ವಿಮಲಾಗೆ ಹೇಳ್ತೀನಿ ಆಪಾ. ಆದ್ರೆ ಅವಳಿಗೆ ಹೆಣಿಗೆ ಬರಲ್ಲ."

"ಅವರಿಗೆ ಎಲ್ಲಿ ಪುರುಸೊತ್ತು? ನೀವು ಖಾಲಿ ಇದೀರಿ. ನಿಮಗೆ ಕಾಲಿಲ್ಲ, ನನಗೆ ಕಣ್ಣಿಲ್ಲ. ನಾನು ಹೇಳ್ತೀನಿ, ನೀವು ಹಾಕ್ರಿ. ಇಬ್ಬರೂ ಸೇರಿದ್ರೆ ಒಬ್ಬ ಮನುಷ್ಯ ಆಗ್ತೀವಿ."

ಕುಂಟ ಕುರುಡರ ಕತೆಯನ್ನು ಎಷ್ಟೋ ಸಲ ಪಾಠ ಮಾಡಿದ್ದೆ. ಆ ಕತೆಯಲ್ಲಿ ಕುಂಟನಿಗೆ ಕೆಲಸವಿರುವುದಿಲ್ಲ, ಹೆಗಲ ಮೇಲೆ ಕೂತು ದಾರಿ ಹೇಳಿದರೆ ಸಾಕು. ಇಲ್ಲಿ ದಾರಿ ಹೇಳುವವರೇ ಬೇರೆ, ನಡೆಯಬೇಕಾದವನು ನಾನು.

"ದೋ ಸೀದಾ, ದೋ ಉಲ್ಟಾ," ಎಂದು ಶುರುವಾಯಿತು ಪಾಠ. ಕಡ್ಡಿಯನ್ನು ಕುಣಿಕೆಯ ಮುಂದಿನಿಂದ ತೂರಿಸಿದರೆ ಸೀದಾ, ಹಿಂದಿನಿಂದ ಎಳೆದರೆ ಉಲ್ಟಾ. ಕೇಳಲು ಇಷ್ಟೇ. ನನ್ನ ಕೈಯಲ್ಲಿ ಸೀದಾ ಎಲ್ಲ ಉಲ್ಟಾ ಆಗಿ, ಉಲ್ಟಾ ಎಲ್ಲ ಗಂಟಾಗುತ್ತಿತ್ತು. ಸಾಲು ಮುಗಿಸಿ ಗೋಡೆಯಾಚೆ ಕೊಟ್ಟರೆ ಆಪಾ ಬೆರಳಾಡಿಸಿ, "ಇಲ್ಲೊಂದು ಫಂದಾ ತಪ್ಪೈತೆ, ಬಿಚ್ರಿ," ಎನ್ನುವರು. ಫಂದಾ ಎಂದರೆ ಕುಣಿಕೆ. ಬಿಚ್ಚುತ್ತಿದ್ದೆ. ಇನ್ನೊಂದು ದಿನ ಅವರೇ ತಪ್ಪು ಲೆಕ್ಕ ಹೇಳಿ ಕುತ್ತಿಗೆಯ ಜಾಗದಲ್ಲಿ ಕುತ್ತಿಗೆಯೇ ಇಲ್ಲದೆ ಮುಚ್ಚಿಹೋಯಿತು. "ನಾನು ಹಂಗೆ ಹೇಳೇ ಇಲ್ಲ," ಎಂದು ಆಪಾ, "ಹೇಳಿದ್ರಿ," ಎಂದು ನಾನು. ಮಧ್ಯಾಹ್ನ ಊಟಕ್ಕೆ ಬಂದ ಗೌಸ್ ಸಾಬರು ಇಬ್ಬರ ವಾದ ಕೇಳಿ, "ಮಗೂಗೆ ತಲೆ ಹೊರಗೆ ಬರಾಕೆ ದಾರಿ ಬಿಡ್ರಪ್ಪಾ," ಎಂದು ನಕ್ಕು ಒಳಗೆ ಹೋದರು.

ಆದರೆ ಎರಡನೆಯ ವಾರದ ಹೊತ್ತಿಗೆ ಬೆರಳಿಗೆ ಅದರ ಲಯ ಸಿಕ್ಕಿತು. ಆ ಸುಖವನ್ನು ಹೇಗೆ ಹೇಳಲಿ? ಮನಸ್ಸಿಗೆ ಪೂರ್ತಿ ಕೆಲಸವೂ ಇಲ್ಲ, ಪೂರ್ತಿ ರಜೆಯೂ ಇಲ್ಲ. ಕೈ ತನ್ನ ಪಾಡಿಗೆ ತಾನು ನಡೆಯುತ್ತಿರುತ್ತದೆ, ಮಾತು ಅದರ ಹಿಂದೆ ಕರುವಿನಂತೆ ಬರುತ್ತಿರುತ್ತದೆ. ಹದಿನೈದು ವರ್ಷ ಪಕ್ಕದಲ್ಲಿದ್ದರೂ ನಾನೂ ಆಪಾರೂ ಆಡಿದ್ದ ಮಾತೆಂದರೆ ನೀರು ಬಂತಾ, ಕರೆಂಟು ಹೋಯ್ತಾ ಎಂಬುದಷ್ಟೇ. ಈಗ ನಾನು ಹೆಣೆಯುತ್ತ ಹೆಣೆಯುತ್ತ ಆಕೆಯ ಅಕ್ಕನ ಕತೆ ಕೇಳಿದೆ. ಆ ಅಕ್ಕನಿಗೂ ಹೀಗೇ ಪೊರೆ ತೆಗೆದಿದ್ದರಂತೆ. ಆಮೇಲೆ ಕೀವಾಗಿ ಆ ಕಣ್ಣು ಮತ್ತೆ ಕಾಣಲೇ ಇಲ್ಲವಂತೆ.

"ನನಗೂ ಎಲ್ಲ ಹಾಲಿನೊಳಗಿಂದ ನೋಡಿದಂಗೈತೆ ಮೇಷ್ಟ್ರೇ. ಕನ್ನಡಕ ಬಂದ್ರೆ ಸರಿ ಹೋಗ್ತೈತೆ ಅಂತಾರೆ. ಹೋಗ್ಲಿಲ್ಲ ಅಂದ್ರೆ? ಮಗು ಯಾರ ಥರ ಐತೆ ಅಂತ ಬೇರೆಯವರನ್ನ ಕೇಳ್ಬೇಕಾ?"

ನಾನು ಕಡ್ಡಿ ತೂರಿಸಿ, "ಸೀದಾ ಎರಡು ಆಯ್ತು ಆಪಾ, ಮುಂದೆ?" ಎಂದೆ. ಆಕೆ ಮೂಗು ಒರೆಸಿಕೊಂಡು, "ಮುಂದೆ ಉಲ್ಟಾ ಎರಡು, ಇನ್ನೇನು," ಎಂದರು.

ಶಾಲೆಯವರಿಗೆ ಮಾತ್ರ ಇದು ಗೊತ್ತಾಗಬಾರದೆಂದು ನನ್ನ ಹಟ. ಒಂದು ದಿನ ಹೆಡ್‌ಮಾಸ್ಟರು ದಿಢೀರನೆ ಮೂಸಂಬಿ ಹಿಡಿದು ಬಂದರು. ಹೆಣಿಗೆಯನ್ನು ಹೊದಿಕೆಯೊಳಗೆ ತುರುಕಿದೆ. ಉಂಡೆ ಉರುಳಿ ಅವರ ಕಾಲ ಬಳಿ ನಿಂತಿತು. ಹೊದಿಕೆಯಿಂದ ನೆಲದವರೆಗೆ ಬಿಗಿಯಾಗಿ ನಿಂತ ಬಿಳಿ ಎಳೆಯನ್ನು ಅವರು ಗೌರವದಿಂದ ನೋಡಿ, "ಕಾಲು ಎಳೆಯೋಕೆ ಹಾಕಿದಾರಾ? ಮುಟ್ಟಬಾರದಲ್ವಾ?" ಎಂದು ಕುರ್ಚಿ ಹಿಂದಕ್ಕೆ ಸರಿಸಿಕೊಂಡರು. ನಾನು ಹೌದೆಂದು ತಲೆಯಾಡಿಸಿದೆ. ಗೋಡೆಯಾಚೆ ಆಪಾ ಸೆರಗು ಬಾಯಿಗೊತ್ತಿ ನಗು ತಡೆಯುತ್ತಿದ್ದರು. ಹೆಡ್‌ಮಾಸ್ಟರು ಹೋದ ಮೇಲೆ ನನಗೆ ಹೊಳೆದದ್ದು, ಕನ್ನಡದಲ್ಲಿ ದಾರವೂ ಎಳೆ, ಎಳೆಯುವುದೂ ಎಳೆ, ಆಗ ತಾನೇ ಹುಟ್ಟಿದ ಕೂಸೂ ಎಳೆಯದೇ. ಇಷ್ಟು ವರ್ಷ ನಿಘಂಟು ತಿರುವಿದವನಿಗೆ ಈ ಮೂರೂ ಒಂದೇ ಜಗಲಿಯ ಮೇಲೆ ಕೂತದ್ದು ಕಾಲು ಮುರಿದ ಮೇಲೆಯೇ ಕಂಡಿತು.

ಅಷ್ಟರಲ್ಲಿ ಮೊಳಕಾಲ್ಮೂರಿನಿಂದ ನಮ್ಮ ಮನೆಗೆ ಫೋನು ಬಂತು: ಹೆಣ್ಣು ಮಗು, ತಾಯಿ ಮಗು ಇಬ್ಬರೂ ಸುಖ. ಆಪಾ ಗೋಡೆ ಹಿಡಿದುಕೊಂಡು ನಿಂತು ಅಳದಿರಲು ಹರಸಾಹಸ ಮಾಡಿದರು. ಅದೇ ವಾರ ಬಿಳಿ ಉಣ್ಣೆ ಮುಗಿಯಿತು. ನನ್ನ ಹೆಣಿಗೆ ಸಡಿಲ. ಮೈಭಾಗಕ್ಕೇ ಎಲ್ಲ ಉಣ್ಣೆ ತಿಂದಿತ್ತು. ತೋಳುಗಳಿಲ್ಲ. ಪೇಟೆಯಲ್ಲಿ ವಿಮಲಾಗೆ ಸಿಕ್ಕಿದ್ದು ಕಣ್ಣು ಕುಕ್ಕುವ ಗುಲಾಬಿ ನೈಲಾನು. ಆಪಾ ಅದನ್ನು ಕೆನ್ನೆಗೆ ಒತ್ತಿಕೊಂಡು, "ಬ್ಯಾಡ, ಬೆವರ್ತೈತೆ ಕೂಸು," ಎಂದರು.

ಆಗ ನನಗೆ ಗಂಗವ್ವನ ನೆನಪಾಯಿತು. ದೊಡ್ಡಉಳ್ಳಾರ್ತಿಯಿಂದ ಮೊಸರು ತರುವಾಕೆ; ಮನೆಯಲ್ಲಿ ಕುರಿಗಳಿದ್ದವು. ನಮ್ಮ ಕಡೆಯ ಉಣ್ಣೆ ಕಂಬಳಿಗೆ ಚೆಂದ, ಮೈಗೆ ಚುಚ್ಚುತ್ತದೆ. ಆದರೆ ಮರಿಗಳಿಂದ ಮೊದಲ ಸಲ ಕತ್ತರಿಸಿದ ಉಣ್ಣೆ ಮೆತ್ತಗಿರುತ್ತದೆ. ಕೇಳಿದರೆ ಒಂದು ಚೀಲ ಬಿಳಿ ಮರಿಯುಣ್ಣೆ ತಂದುಕೊಟ್ಟು, "ಯಾಕ್ ಸಾಮಿ, ಇಸ್ಕೂಲ್ ಬಿಟ್ಟು ಕಂಬಳಿ ನೇಯ್ತೀರಾ?" ಎಂದು ಕೇಳಿ ಹೋದಳು.

ಸೀಗೆಯ ನೀರಲ್ಲಿ ತೊಳೆದು, ಒಣಗಿಸಿ, ಬೆರಳಲ್ಲಿ ಬಿಡಿಸುವ ಕೆಲಸ ಆಪಾರದು. ಅದಕ್ಕೆ ಕಣ್ಣು ಬೇಡ. ನೂಲುವುದು ನನ್ನದು. ನಮ್ಮ ಕಾಲದ ಶಾಲೆಯಲ್ಲಿ ತಕಲಿ ತಿರುಗಿಸುವ ಪೀರಿಯಡ್ ಇತ್ತು. ಹತ್ತಿಯಲ್ಲಿ ಕಲಿತ ವಿದ್ಯೆ ಉಣ್ಣೆಗೆ ಬರಲು ಒಂದೆರಡು ದಿನ ತಕರಾರು ಮಾಡಿತು. ಆಮೇಲೆ ಬಂತು. ತಕಲಿ ಬುಗುರಿಯಂತೆ ತಿರುಗುತ್ತ ನೆಲದತ್ತ ಇಳಿಯುವುದು, ಬೆರಳ ತುದಿಯಲ್ಲಿ ಮೋಡದಂತಿದ್ದುದು ದಾರವಾಗಿ ನಿಲ್ಲುವುದು, ಇದನ್ನು ನೋಡುತ್ತ ಕೂತರೆ ಮುರಿದ ಕಾಲು ಯಾರದೋ ಎನಿಸುತ್ತಿತ್ತು. ಒಂದೇ ತೊಂದರೆ: ನಾನು ಇದೆಲ್ಲದರ ಬಗ್ಗೆ ಏನಾದರೂ ಗಹನವಾಗಿ ಯೋಚಿಸಲು ಹೊರಟ ಕೂಡಲೇ ಎಳೆ ಫಟ್ಟನೆ ಹರಿಯುತ್ತಿತ್ತು.

ಬಣ್ಣ ಬೇಕೆಂದವರು ಆಪಾ. "ಗೆರೆ ಕಾಣಲ್ಲ ನನಗೆ, ಬಣ್ಣ ಮಾತ್ರ ಕಾಣ್ತೈತೆ. ಬಿಳಿ ತೋಳು ನನಗೆ ಕಾಣಲ್ಲ," ಎಂದರು. ಅವರ ಅಳಿಯ ಇಮ್ತಿಯಾಜ್ ಮೊಳಕಾಲ್ಮೂರಿನಲ್ಲಿ ರೇಷ್ಮೆ ಎಳೆಗೆ ಬಣ್ಣ ಹಾಕುವವನು. ಫೋನಿನಲ್ಲಿ ಕೇಳಿದೆ. "ಕೂಸಿಗೆ ಪುಡಿ ಬಣ್ಣ ಬೇಡ ಸಾರ್. ಉಳ್ಳಾಗಡ್ಡಿ ಸಿಪ್ಪೆ ಕುದಿಸಿ, ಸೋಸಿ, ಪಟಿಕ ಹಾಕಿ. ಉಣ್ಣೆ ನೀರಿಗೆ ಬಿಟ್ಟ ಮೇಲೆ ಕೊಂಚಂ ಕೊಂಚಂ ಬಿಸಿ. ಕುದಿ ಬಂದ್ರೆ ಕೆಟ್ಟೋಗ್ತೈತೆ," ಎಂದ. ಪಟಿಕವೆಂದರೆ ಕ್ಷೌರದವರು ಗಡ್ಡ ಕೆರೆದ ಮೇಲೆ ಉಜ್ಜುವ ಕಲ್ಲು. ಊರುಗೋಲು ಹಿಡಿದು ಅಡುಗೆಮನೆ ಸೇರಿದೆ. ನೂಲಿನ ಮೊದಲ ಲಡಿ ಒಲೆಯ ಮೇಲಿದ್ದಾಗ ಫೋನು ಬಂದು, ವಾಪಸು ಬರುವಷ್ಟರಲ್ಲಿ ಅದು ಕೊತಕೊತ ಕುದಿದು ರಾಗಿಮುದ್ದೆಯಷ್ಟು ಗಟ್ಟಿಯಾಗಿತ್ತು. ವಿಮಲಾ ಸಂಜೆ ಬಂದು, ಹಳದಿ ಹಿಡಿದ ತನ್ನ ಹಾಲಿನ ಪಾತ್ರೆ ನೋಡಿ, "ಕುಕ್ಕರ್ ಇಳಿಸೋಕೆ ಹೇಳಿದ್ದೇ ನನ್ನ ತಪ್ಪು," ಎಂದಳು. ಆದರೂ ಮರುದಿನ ಕಚೇರಿಯಿಂದ ಬರುವಾಗ ತರಕಾರಿ ಅಂಗಡಿಯಿಂದ ಒಂದು ಚೀಲ ಈರುಳ್ಳಿ ಸಿಪ್ಪೆ ತಂದವಳು ಅವಳೇ. ಎರಡನೆಯ ಲಡಿಯ ಹತ್ತಿರ ಅಲುಗಾಡದೆ ನಿಂತವಳೂ ಅವಳೇ.

ಎಸೆಯುವ ಸಿಪ್ಪೆಯೊಳಗೆ ಅಷ್ಟು ಬಣ್ಣ ಇರುತ್ತದೆಂದು ನಾನು ಎಣಿಸಿರಲಿಲ್ಲ. ನೀರಿನಿಂದ ಎತ್ತಿದಾಗ ಉಣ್ಣೆ ಹೊಸ ಬೆಲ್ಲದ ಬಣ್ಣಕ್ಕೆ ತಿರುಗಿತ್ತು. ಒಣಗಿದ ಲಡಿಯನ್ನು ಆಪಾರ ಕೈಗಿಟ್ಟೆವು. ಕಪ್ಪು ಕನ್ನಡಕ ಸ್ವಲ್ಪ ಎತ್ತಿ, ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು, ಬೆಳಕಿನತ್ತ ತಿರುಗಿಸಿದರು. "ಕಾಣ್ತೈತೆ," ಎಂದರು ಕೊನೆಗೆ. "ಇದು ಕಾಣ್ತೈತೆ."

ತೋಳುಗಳನ್ನು ನಾನು ಆತುರದಲ್ಲಿ ಹೆಣೆದೆ. ಆಪಾಗೆ ಆ ವಾರ ಜ್ವರ, ಬೆರಳಾಡಿಸಿ ನೋಡುವವರಿರಲಿಲ್ಲ. ನನ್ನ ಪ್ಲಾಸ್ಟರು ಬಿಚ್ಚಿದರು. ಗೌಸ್ ಸಾಬರು ಆಪಾರನ್ನು ದುರ್ಗಕ್ಕೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿ ಬಂದರು. ಕನ್ನಡಕ ತಯಾರಾಗಲು ದಿನ ಹಿಡಿಯಿತು. ಅದನ್ನು ಅವರು ತಂದ ದಿನವೇ ಮಧ್ಯಾಹ್ನ, ತಳಕು ಊರಿನ ಮೇಲೆ ಹಾದು ಬರುವ ಬಸ್ಸಿನಲ್ಲಿ ಶಬಾನಾ ಮಗುವಿನೊಂದಿಗೆ ಬಂದಿಳಿದಳು.

ನಾನೂ, ಅಂದು ರಜೆ ಹಾಕಿದ್ದ ವಿಮಲಾಳೂ ಪಕ್ಕದ ಮನೆಗೆ ಹೋದೆವು. ಶಬಾನಾ ಮಗುವಿಗೆ ಒಳಗೊಂದು ಹತ್ತಿಯ ಅಂಗಿ ತೊಡಿಸಿ, ಮೇಲೆ ನಮ್ಮ ಸ್ವೆಟರ್ ಹಾಕಿ, ತಾಯಿಯ ಮಡಿಲಿಗಿಟ್ಟಳು. ಗೌಸ್ ಸಾಬರು ಡಬ್ಬಿಯಿಂದ ದಪ್ಪ ಕನ್ನಡಕ ತೆಗೆದು ಹೆಂಡತಿಗೆ ತೊಡಿಸಿದರು. ಆಪಾ ಕಣ್ಣು ಮುಚ್ಚಿಕೊಂಡರು.

"ಬಿಡೇ," ಎಂದರು ಗೌಸ್ ಸಾಬರು.

"ತಡೀರಿ."

"ಅಮ್ಮೀ, ಕಣ್ಣು ಬಿಡು," ಎಂದಳು ಶಬಾನಾ.

ಆಪಾ ಕಣ್ಣು ತೆರೆದರು. ಮಡಿಲನ್ನೇ ನೋಡಿದರು. ತುಟಿ ಅಲುಗಲಿಲ್ಲ. ಗೌಸ್ ಸಾಬರ ಮುಖ ಇಳಿದುಹೋಯಿತು. ನಾನು ವಿಮಲಾಳನ್ನು ನೋಡಿದೆ, ಅವಳು ನೆಲ ನೋಡಿದಳು. ಆಗ ಆಪಾ ಮಗುವಿನ ಎಡತೋಳು ಹಿಡಿದೆತ್ತಿ, ಕೋಣೆಯೆಲ್ಲ ಕೇಳುವಂತೆ ಕೂಗಿದರು:

"ಮೇಷ್ಟ್ರೇ! ಇದೇನ್ರೀ ಇದು, ಇಷ್ಟು ದೊಡ್ಡ ತೂತು! ಫಂದಾ ಬಿಟ್ಟೀರಲ್ಲಾ!"

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಗೌಸ್ ಸಾಬರು ಗೋಡೆಗೊರಗಿ, ಗ್ರೀಸು ಹತ್ತಿದ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ನಗಲು ಶುರು ಮಾಡಿದರು, ನಗುತ್ತ ನಗುತ್ತ ಅತ್ತರು. ಆಪಾ ಅಷ್ಟರಲ್ಲಿ ಮಗುವಿನ ಮುಖಕ್ಕೆ ಬಂದಿದ್ದರು. ಹಣೆ, ಹುಬ್ಬು, ಗಲ್ಲ, ಒಂದೊಂದೇ ನಿಧಾನವಾಗಿ. "ಮೂಗು ನಿಮ್ದೇ ಐತೆ ನೋಡ್ರಿ, ಪಾಪ," ಎಂದರು ಗಂಡನಿಗೆ.

ಕೆಂಪು ಶಾಯಿಯಲ್ಲಿ ಮಕ್ಕಳ ತಪ್ಪುಗಳಿಗೆ ಗುರುತು ಹಾಕುತ್ತ ಅರ್ಧ ಆಯುಷ್ಯ ಕಳೆದಿದ್ದೇನೆ. ಯಾವ ಹುಡುಗನೂ ಅದನ್ನು ನೋಡಿ ಕುಣಿದದ್ದಿಲ್ಲ. ತಪ್ಪು ಕಂಡವರ ಕಣ್ಣಿಗಾಗಿ ಸಂತೋಷಪಡುವುದೂ ಒಂದಿದೆ ಎಂದು ನನಗೆ ತಿಳಿದದ್ದು ಆ ಮಧ್ಯಾಹ್ನ. ಮಗು ಅಷ್ಟರಲ್ಲಿ ತನ್ನ ಬೆರಳನ್ನು ಆ ತೂತಿನಲ್ಲಿ ತೂರಿಸಿಕೊಂಡು ಹಾಯಾಗಿ ಮಲಗಿತ್ತು. ಬಿಚ್ಚಿ ಸರಿಮಾಡ್ತೀನಿ, ಕೊಡು ಎಂದು ಆಪಾ ಕೈಚಾಚಿದರೆ ಶಬಾನಾ ಕೊಡಲಿಲ್ಲ.

"ಆಪಾ," ಎಂದೆ ನಾನು, "ಬಲತೋಳಲ್ಲೂ ಒಂದೈತೆ. ಹುಡುಕ್ರಿ ನೋಡೋಣ."

ಆಪಾ ಕನ್ನಡಕ ಸರಿಮಾಡಿಕೊಂಡು ಮೊಮ್ಮಗಳ ಬಲಗೈ ಹಿಡಿದರು.