ಜೋಳದ ಕೂಳೆಗೆ ಬೀಳ್ಕೊಡುಗೆ

ಗುಂಡ್ಲುಪೇಟೆ ಕಡೆಯ ನಮ್ಮೂರಿನ ಮರಿಮಲ್ಲಪ್ಪ ಮೆತ್ತಗೆ ಮಾತಾಡುವ ಮನುಷ್ಯ. ಆದರೆ ಒಂದು ಯೋಚನೆ ತಲೆಗೆ ಹೊಕ್ಕಿತೆಂದರೆ ಮುಗಿಯಿತು, ಅದನ್ನು ಮಾಡದೆ ಬಿಡುತ್ತಿರಲಿಲ್ಲ.

ಐವತ್ತಾರನೆಯ ಇಸವಿ ಶ್ರಾವಣದಲ್ಲಿ ಅವನ ಹೊಲದ ಜೋಳ ಕೊಯ್ದಾಗಿತ್ತು. ಮೊಣಕಾಲೆತ್ತರದ ಕೂಳೆ ಮಾತ್ರ ಹಾಗೇ ನಿಂತಿತ್ತು. ಒಳ್ಳೆಯ ಮಳೆ ಬಂತು. ನೆಲದ ಹಸಿ ಆರುವುದರೊಳಗೆ ಕೂಳೆ ಕಿತ್ತು ಹುರುಳಿ ಬಿತ್ತಬೇಕು. ಎಲ್ಲರಿಗೂ ಅವರವರ ಹೊಲದ್ದೇ ಅವಸರ. ಕರೆದರೆ ಒಬ್ಬರೂ ಬರಲಿಲ್ಲ.

ಹಿಂದಿನ ವಾರ ಅವನು ಚಾಮರಾಜನಗರದ ಒಂದು ಕಚೇರಿಗೆ ಹೋಗಿದ್ದ. ಅಲ್ಲಿ ಒಬ್ಬ ಗುಮಾಸ್ತನೂ ಜಾಗದಲ್ಲಿರಲಿಲ್ಲ. ವರ್ಗವಾದ ಸಾಹೇಬರ ಬೀಳ್ಕೊಡುಗೆಗೆ ಕೆಲಸ ಬಿಟ್ಟು ಹೋಗಿದ್ದರು. ಮರಿಮಲ್ಲಪ್ಪನೂ ಅಲ್ಲೇ ಕೂತು ಉಪ್ಪಿಟ್ಟು ತಿಂದು ಬಂದಿದ್ದ.

"ನಾಳೆ ನಮ್ ಕೂಳೆಗೆ ಬೀಳ್ಕೊಡುಗೆ ಮಾಡ್ತೀನಿ. ಉಪ್ಪಿಟ್ಟು ಮಾಡ್ಬುಡು," ಎಂದ ಹೆಂಡತಿಗೆ.

"ತಲೆಗಿಲೆ ಕೆಟ್ಟದಾ ನಿಮ್ಗೆ?" ಎಂದಳು ಪುಟ್ಟಬಸಮ್ಮ. ಆದರೂ ರವೆ ಹುರಿದಳು.

ಬೀಳ್ಕೊಡುಗೆ, ಉಪ್ಪಿಟ್ಟು ಎಂಬ ಸುದ್ದಿ ಕೇಳಿ ಮರುದಿನ ಊರೆಲ್ಲ ಹೊಲಕ್ಕೆ ಬಂತು. ಕುರ್ಚಿಯ ಮೇಲೆ ಒಂದು ಕೂಳೆ ಬುಡ, ಅದಕ್ಕೆ ಚೆಂಡುಹೂವಿನ ಹಾರ. ಭಾಷಣವೆಂದರೆ ಇಲ್ಲವೆನ್ನದ ಶಿವರುದ್ರಸ್ವಾಮಿ ಮೇಷ್ಟ್ರು ಎದ್ದು ನಿಂತರು. "ಇವರು ಮಿತಭಾಷಿಗಳು. ಒಂದು ದಿನವೂ ರಜೆ ಕೇಳಲಿಲ್ಲ. ನಿಂತ ಜಾಗ ಬಿಟ್ಟು ಕದಲಲಿಲ್ಲ," ಎಂದು ಕುರ್ಚಿಯತ್ತ ಕೈ ತೋರಿಸಿದರು. ಮುದುಕಿ ಸೋಮಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಆಗ ಮರಿಮಲ್ಲಪ್ಪ ಕೈಮುಗಿದ. "ಬಂದೋರೆಲ್ಲ ಇವ್ರನ್ನ ಬದುವಿನ್ ಗಂಟ ಕಳಿಸ್ಕೊಟ್ಟು ಬರನ. ಆಮೇಲೆ ಉಪ್ಪಿಟ್ಟು."

ಬೇಡವೆಂದರೆ ಮರ್ಯಾದೆಯಲ್ಲ. ಜನ ಸಾಲಾಗಿ ಹೊಲಕ್ಕಿಳಿದು ಒಂದೊಂದೇ ಬುಡ ಕಿತ್ತು, ಮಣ್ಣು ಕೊಡವಿ, ಬದುವಿಗೆ ಹೊತ್ತು ತಂದರು. ಪಕ್ಕದ ಹೊಲದ ಚಿಕ್ಕಮಲ್ಲಪ್ಪ ಒಂದನ್ನು ಎಸೆದಾಗ ಸೋಮಮ್ಮ ಗದರಿದಳು: "ಮೆತ್ಗೆ ಇಡ್ಲಾ, ದುಡಿದ್ ಜೀವ ಅದು!"

ಮಧ್ಯಾಹ್ನದ ಹೊತ್ತಿಗೆ ಹೊಲ ಬೋಳಾಗಿತ್ತು. ಕೈ ಬೊಬ್ಬೆ ನೋಡಿಕೊಳ್ಳುತ್ತ ಉಪ್ಪಿಟ್ಟು ತಿನ್ನುವಾಗಷ್ಟೇ ಚಿಕ್ಕಮಲ್ಲಪ್ಪನಿಗೆ ಹೊಳೆಯಿತು. "ಅಲ್ಲ ಕಣ್ಲಾ, ನಮ್ ಕೈಲಿ ಕೆಲ್ಸ ಮಾಡಿಸ್ಬುಟ್ಟಲ್ಲೋ!"

"ಮಾಡ್ಸುದ್ನಾ? ನೀವೇ ಪ್ರೀತಿಯಿಂದ ಬಂದ್ರಿ," ಎಂದ ಮರಿಮಲ್ಲಪ್ಪ, ನಿಜವಾಗಿಯೂ ಹಾಗೇ ನಂಬಿ.

ಸಂಜೆಯೊಳಗೆ ಅವನ ಹುರುಳಿ ನೆಲ ಸೇರಿತು. ಎರಡನೇ ದಿನ ಚಿಕ್ಕಮಲ್ಲಪ್ಪನೂ ತನ್ನ ಕೂಳೆಗೆ ಬೀಳ್ಕೊಡುಗೆ ಇಟ್ಟ. ಜನವೂ ಬಂದರು. ಆದರೆ ಮೇಷ್ಟ್ರು ಅದೇ ಭಾಷಣ ಮಾಡಿದರೆಂದು ಅವನಿಗೆ ಸಿಟ್ಟು ಬಂತು. "ನನ್ ಕೂಳೆ ಬ್ಯಾರೆ, ಅವನ್ ಕೂಳೆ ಬ್ಯಾರೆ," ಎಂದು ಆರು ತಿಂಗಳು ಮೇಷ್ಟ್ರ ಜೊತೆ ಮಾತು ಬಿಟ್ಟಿದ್ದ.