ಬೀಜದ ಮುಡಿ ಇಳಿಸಿದ ದಿನ

ಹೊಗೆ ಹಿಡಿದ ಒಣಹುಲ್ಲಿನ ವಾಸನೆ ಬಂದರೆ ಈಗಲೂ ನಾನು ತಲೆಯೆತ್ತಿ ಮೇಲೆ ನೋಡುತ್ತೇನೆ. ಕಾಗಾಲದ ನಮ್ಮ ಮನೆಯಲ್ಲಿ, ಒಲೆಯ ನೆತ್ತಿಗೆ ಸರಿಯಾಗಿ, ಒಣಹುಲ್ಲು ಸುತ್ತಿ ಹುಲ್ಲುಹಗ್ಗದಿಂದ ಬಿಗಿದ ಬೀಜದ ಮುಡಿಯೊಂದು ಸದಾ ತೂಗುತ್ತಿತ್ತು. ಒಳಗೆ ಕಗ್ಗ ಭತ್ತ. ಹೊಳೆಯ ಉಪ್ಪುನೀರು ಬಂದುಹೋಗುವ ನಮ್ಮ ಗಜನಿ ಗದ್ದೆಯಲ್ಲಿ ಬದುಕುತ್ತಿದ್ದ ಭತ್ತ ಅದೊಂದೇ. ಮಳೆಗಾಲದಲ್ಲಿ ಅಕ್ಕಿ ಮುಗಿದು ಗಂಜಿ ನೀರಾದರೂ ಅಜ್ಜಿ ಆ ಮುಡಿಗೆ ಯಾರನ್ನೂ ಕೈ ಹಚ್ಚಗೊಡುತ್ತಿರಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತಿತ್ತು. ನನ್ನ ಏಳನೆಯ ತರಗತಿಯ ಪಾಠದಲ್ಲಿ ‘ಟ್ರೆಷರ್’ ಎಂಬ ಇಂಗ್ಲಿಷ್ ಶಬ್ದ ಬಂತು. ಹೊನ್ನಾವರದಲ್ಲಿ ಮಾಸ್ತರಾಗಿದ್ದ ಮಾವ ಮನೆಗೆ ಬಂದಾಗ ಕೇಳಿದೆ. ಇಂಥದ್ದು ಸಿಕ್ಕರೆ ಮಾವನಿಗೆ ಚಹಾ ಆರಿದ್ದೂ ಗೊತ್ತಾಗುತ್ತಿರಲಿಲ್ಲ. ಗ್ರೀಕರಲ್ಲಿ ಹುಟ್ಟಿ, ಲ್ಯಾಟಿನ್ನಿಗೆ ಹೋಗಿ, ಫ್ರೆಂಚರ ಬಾಯಲ್ಲಿ ರೂಪ ಬದಲಿಸಿ ಇಂಗ್ಲಿಷಿಗೆ ಬಂದದ್ದಂತೆ. ಮೂಲದಲ್ಲಿ ಕೂಡಿಟ್ಟ ವಸ್ತುವಿಗೂ ಕೂಡಿಡುವ ಕೋಣೆಗೂ ಅದೇ ಹೆಸರಂತೆ. ಈಗ ಮುದ್ದಿನ ಮಗುವನ್ನೂ ಹಾಗೇ ಕರೆಯುತ್ತಾರಂತೆ.

“ಹಂಗಾರೆ ನಮ್ಮನೇಲಿ ಅದು ಎಲ್ಲದೆ ಮಾವ?” ಎಂದೆ.

“ತಲೆ ಮೇಲೇ ತೂಗ್ತದಲೆ, ಕುರುಡಿ,” ಎಂದಳು ಅಜ್ಜಿ.

ಅಪ್ಪ ನಕ್ಕುಬಿಟ್ಟ. “ಆ ಮಸಿ ಗಂಟಾ ಆಯಿ? ಗಜನೀಲಿ ಸಿಗಡಿ ಕೆರೆ ಆಗ್ಲಿ, ಖಜಾನೆ ಅಂದ್ರೆ ಎಂತ ಅಂತ ಆಗ ತೋರಿಸ್ತೆ.”

ಆ ವಾರವೇ ಗಜನಿ ಸಿಗಡಿ ಸಾಕುವವನೊಬ್ಬನಿಗೆ ಗೇಣಿಗೆ ಹೋಯಿತು. ಅಪ್ಪ ಚೌಕಾಸಿ ಮಾಡಿದ ಚಂದಕ್ಕೆ ನಾನು ಬೆರಗಾಗಿದ್ದೆ. ಇಂದು ಕುಮಟಾ ಪೇಟೆಯಲ್ಲಿ ಅಕ್ಕಿ ಅಂಗಡಿ ನಡೆಸುವ ನನ್ನ ಈ ನಾಲಿಗೆ ಅಪ್ಪನಿಂದ ಬಂದದ್ದೇ. ಕರಾರಾದ ದಿನ ಸಿಗಡಿಯವನಿಗೆ ನಮ್ಮಲ್ಲೇ ಊಟ. “ಬಿತ್ತೂಕೇ ಇಲ್ಲ, ಬೀಜ ಎಂತಕ್ಕೆ?” ಎಂದು ಅಪ್ಪ ಮುಡಿ ಇಳಿಸಿದ. ಅಮ್ಮ ಭತ್ತ ಕುಟ್ಟಿ ಕೆಂಪನ್ನ ಮಾಡಿದಳು. ಬಂದವನು ಎರಡು ಸಲ ಹಾಕಿಸಿಕೊಂಡು ಹೊಗಳಿದ. ಅಜ್ಜಿ ಮಾತ್ರ ಎಲೆಯ ಮುಂದೆ ಕೂರಲಿಲ್ಲ. ಅಪ್ಪ ಕರೆದದ್ದಕ್ಕೆ, “ಮುಂದಿನ ವರ್ಷದ್ದು ಇವತ್ತೇ ಉಣ್ಣೂಕೆ ನಂಗೆ ಹಸಿವಿಲ್ಲ,” ಎಂದಳು.

ವ್ಯಾಪಾರದವಳಾಗಿ ಹೇಳುತ್ತೇನೆ, ಏನು ಬೇಕಾದರೂ ಮಾರಿ, ನಾಚಿಕೆ ಬಿಟ್ಟು ಚೌಕಾಸಿ ಮಾಡಿ. ಆದರೆ ಮತ್ತೆ ಎಲ್ಲಿ ಸಿಗುತ್ತದೆಂದು ಗೊತ್ತಿಲ್ಲದ್ದನ್ನು ಕೈಬಿಡಬೇಡಿ.

ಹೊಳೆಯ ಕಡೆಯ ಒಡ್ಡಿನ ಬಾಗಿಲ ಹಲಗೆ ತೆಗೆದು ಗದ್ದೆಗೆ ಉಪ್ಪುನೀರು ಬಿಟ್ಟು ನಿಲ್ಲಿಸಿದರು. ಮೊದಲು ಕೊಕ್ಕರೆಗಳು ಬರುವುದು ನಿಂತಿತು. ಆಮೇಲೆ ನಮ್ಮ ಬಾವಿಗೂ ಉಪ್ಪೇರಿ, ಆ ನೀರಿಗೆ ಚಹಾದ ಹಾಲು ಒಡೆಯತೊಡಗಿತು. ಎರಡನೆಯ ವರ್ಷ ಸಿಗಡಿಗಳು ಮೈಮೇಲೆ ಬಿಳಿ ಚುಕ್ಕೆ ಬಿದ್ದು, ದಂಡೆಗೆ ಒತ್ತಿಕೊಂಡು ಬಂದು ಸತ್ತವು. ಸಾಕಿದವನು ಪಂಪು ಕಿತ್ತುಕೊಂಡು ಹೋದ.

ಮಳೆಗೆ ಮುಂಚೆ ಅಪ್ಪ ಚೀಲ ಹಿಡಿದು ಕಗ್ಗದ ಬೀಜಕ್ಕಾಗಿ ಮನೆಮನೆ ಅಲೆದ. ಸುತ್ತಲಿನವರೆಲ್ಲ ಸಿಗಡಿಗೆ ಗದ್ದೆ ಕೊಟ್ಟಿದ್ದರು, ಬೀಜ ಉಂಡಿದ್ದರು. ಮೂರನೆಯ ದಿನ ಅಂಗಳಕ್ಕೆ ಬಂದವನನ್ನು ಅಜ್ಜಿ ಕೇಳಿದಳು: “ಒಂದು ಮುಷ್ಟಿಯಾದ್ರೂ?”

ಅಪ್ಪ ಚೀಲ ಬೋರಲು ಹಿಡಿದು ಕೊಡವಿದ.

ಅಜ್ಜಿ ಒಳಗೆ ಹೋದಳು. ಮೊಳಕೆಗೆ ಬೀಜ ನೆನೆಹಾಕುವ ಹಂಡೆಯನ್ನು ತಿಕ್ಕಿ ತೊಳೆದು ಬಿಸಿಲಿಗಿಟ್ಟಳು. ಅವಳಿದ್ದಷ್ಟು ವರ್ಷವೂ, ಮಳೆ ಹಿಡಿಯುವ ಮೊದಲು, ಆ ಖಾಲಿ ಹಂಡೆಯನ್ನು ಹಾಗೆಯೇ ತೊಳೆದಿಡುತ್ತಿದ್ದಳು.